ಎಕ್ಸ್ ಹೊಡೆದುಹಾಕಿದ ಸಾಲು

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ, ಕೈಯೆಲ್ಲ ಅಂಟು. ಆಗಲೇ ಕಳ್ಳಂಬೆಳ್ಳದಿಂದ ಫೋನು ಬಂತು. ಮಾತಾಡಿದವರು ನಮ್ಮ ಯಜಮಾನರ ಹಳೆಯ ಶಿಷ್ಯ, ಈಗ ಅಲ್ಲಿ ಗಣಿತದ ಮೇಷ್ಟ್ರು. “ಅಮ್ಮಾ, ಸಾರ್ ಮಾಡಿರೋ ಪುಟ ತಪ್ಪು ಹೇಳ್ಕೊಡ್ತಾ ಐತೆ. ಹುಡುಗ್ರು ಅಂಗೇ ಬರೀತವ್ರೆ. ಪರೀಕ್ಷೆ ಹತ್ರ ಬಂತು. ಸರಿ ಮಾಡ್ಸಿ, ಇಲ್ಲಾಂದ್ರೆ ಮುಚ್ಚಿಸ್ಬುಡಿ.”

ಗೆಳತಿ, ಆ ಪುಟದ ವಿಷಯ ನಿನಗೆ ಹೇಳಬೇಕು. ಮಧುಗಿರಿಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದ ಇವರು ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಮಕ್ಕಳು ಫೋನಿನಲ್ಲಿ ಸಮೀಕರಣ ಒತ್ತಿದರೆ ಅಂಕಿ ಹಾಕಿ ನೋಡದೆ ಎಕ್ಸನ್ನು ಎಕ್ಸಾಗಿಯೇ ಇಟ್ಟುಕೊಂಡು, ಹಂತಹಂತವಾಗಿ, ಅದೂ ಕನ್ನಡದಲ್ಲಿ ಬಿಡಿಸಿ ತೋರಿಸುವ ಪುಟವೊಂದನ್ನು ಇಂಟರ್ನೆಟ್ಟಿನಲ್ಲಿ ಕಟ್ಟಿದರು. ನನಗದು ದೇವರ ಗೂಡಿನಷ್ಟೇ ಮಡಿ, ಒಳಗೇನಿದೆಯೆಂದು ಇಣುಕಿದವಳಲ್ಲ.

ಇಣುಕಿದವಳು ಮಗಳು ಸುಧಾ, ಕೊರಟಗೆರೆಯ ಕಾಲೇಜಿನಲ್ಲಿ ಗಣಿತ ಹೇಳುವವಳು. ಎಕ್ಸಿನ ವರ್ಗ ಐದು ಎಕ್ಸಿಗೆ ಸಮ ಎಂದು ಕೊಟ್ಟರೆ, ಪುಟ ಎರಡೂ ಕಡೆಯ ಎಕ್ಸ್ ಹೊಡೆದುಹಾಕಿ ಐದು ಅನ್ನುತ್ತದಂತೆ. ಸೊನ್ನೆಯೂ ಒಂದು ಉತ್ತರವೆಂಬುದು ಅಲ್ಲೇ ಅಳಿಸಿಹೋಗುತ್ತದಂತೆ. ಪುಟ ಲೆಕ್ಕ ಓದಿಕೊಳ್ಳುವುದು, ಬಿಡಿಸುವುದು, ಬರೆದು ತೋರಿಸುವುದು ಈ ಮೂರನ್ನೂ ಇವರು ಒಂದೇ ಜಡೆಯಾಗಿ ಹೆಣೆದಿದ್ದರಿಂದ ಯಾವ ಎಳೆ ಎಳೆದರೆ ಯಾವುದು ಬಿಚ್ಚುತ್ತದೋ ತಿಳಿಯದು. ಅವನ್ನು ಬೇರೆ ಬೇರೆ ಮಾಡಿ, ಏನನ್ನೇ ಹೊಡೆಯುವ ಮುನ್ನ ‘ಇದು ಸೊನ್ನೆಯಾಗಿರಬಹುದೇ’ ಎಂದು ಕೇಳುವ ಕಾವಲನ್ನು ನಡುವೆ ಕೂರಿಸಬೇಕೆಂಬುದು ಅವಳ ವಾದ.

“ಒಂದ್ ಸಾಲೂ ಮುಟ್ಬೇಡ ಕಣಮ್ಮ. ಎಲ್ಲಾ ನನ್ನ ತಲೇಲೈತೆ” ಎನ್ನುತ್ತಿದ್ದರು ಇವರು. ಆ ತಲೆಯಲ್ಲೇ ಹೋದ ವರ್ಷ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಉಳಿದವು, ಮಾತು ಉಳಿಯಿತು. ನೆನಪು ಮಾತ್ರ ಸೋರುತ್ತಿತ್ತು. ಅಪ್ಪ ಒಪ್ಪದೆ ಮಗಳು ಮುಟ್ಟುವವಳಲ್ಲ. ಫೋನು ಬಂದ ದಿನ ನಾನು ದಂಡಿನ ಮಾರಮ್ಮನಿಗೆ ಹಣ್ಣುಕಾಯಿ ಕೊಟ್ಟು ಬೇಡಿಕೊಂಡೆ: ಹೆಂಗಾದರೂ ಇವರನ್ನು ಒಪ್ಪಿಸು ತಾಯಿ.

ಭಾನುವಾರ ಸುಧಾ ಬಂದು, ಲ್ಯಾಪ್‌ಟಾಪನ್ನು ಅಪ್ಪನ ಮುಂದಿಟ್ಟು ಆ ಸಾಲನ್ನು ತೋರಿಸಿ, “ಅಪ್ಪಾ, ಇಲ್ಲಿ ಯಾಕೆ ಹಿಂಗೆ ಬರ್ದಿದ್ದು?” ಎಂದಳು. ಇವರು ಬೆರಳಿಟ್ಟು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಜೋರಾಗಿ ನಕ್ಕರು.

“ಯಾವನಮ್ಮ ಇದನ್ನ ಬರ್ದೋನು? ಎಕ್ಸ್ ಸೊನ್ನೆ ಆದ್ರೆ ಏನ್ ಗತಿ ಅಂತ ನೋಡೇ ಇಲ್ವಲ್ಲ! ನನ್ನ ಕ್ಲಾಸಲ್ಲಿದ್ದಿದ್ರೆ ಬೆಂಚ್ ಹತ್ತಿಸಿ ನಿಲ್ಲಿಸ್ತಿದ್ದೆ.”

ಸುಧಾ ನನ್ನ ಮುಖ ನೋಡಿದಳು. ಹೇಳಬೇಡವೆಂದು ತಲೆಯಾಡಿಸಿದೆ.

“ಯಾರೋ ಕಣಪ್ಪ” ಎಂದಳು.

“ಕಿತ್ತಾಕು. ಒಂದೊಂದೂ ಬೇರೆ ಮಾಡಿ ಕಟ್ಟು. ಮಕ್ಕಳ ಪರೀಕ್ಷೆ ಅಂದ್ರೆ ಏನ್ ಆಟ ಅಂದ್ಕೊಂಡವ್ನಾ?”

ಅವಳು ನಾಲ್ಕು ದಿನ ರಜೆ ಹಾಕಿ ಹಾಗೆಯೇ ಕಟ್ಟಿದಳು. ಈಗ ಪುಟ ಸೊನ್ನೆಯನ್ನೂ ಹೇಳುತ್ತದೆ, ಐದನ್ನೂ ಹೇಳುತ್ತದೆ. ಮಕ್ಕಳು ಉಳಿದರು. ತಪ್ಪನ್ನು ತಪ್ಪೆಂದು ಹಿಡಿಯುವ ಕಣ್ಣು ಇವರಲ್ಲಿನ್ನೂ ಇದೆ, ಹೊರಗಿನವರ ಮುಂದೆ ತಲೆ ತಗ್ಗಲಿಲ್ಲ. ಇವೂ ಆ ತಾಯಿಯ ಕರುಣೆಯೇ, ನಾನು ಇಲ್ಲವೆನ್ನಲಾರೆ. ಆದರೆ ಗೆಳತಿ, ಒಪ್ಪಿಸು ಎಂದಷ್ಟೇ ಬೇಡಿದವಳು ನಾನು, ಹೇಗೆಂದು ಹೇಳಿರಲಿಲ್ಲ.

ಆ ಭಾನುವಾರ ಇವರು ಇನ್ನೂ ಆ ದಡ್ಡನನ್ನು ಬೈಯುತ್ತಲೇ ಇದ್ದರು. ಸುಧಾ ಕಣ್ಣೊರೆಸಿಕೊಂಡು ಮೊದಲ ಸಾಲು ಅಳಿಸಿದಳು. ನಾನು ಮುದ್ದೆಗೆ ಎಸರಿಡಲು ಎದ್ದೆ.