ಅವಳು ಕೂತರೆ ಬರೀ ‘ಟಕ್’

ಇಪ್ಪತ್ತೆಂಟು ವರ್ಷ ತುಮಕೂರಿನಲ್ಲಿ ಟ್ಯಾಕ್ಸಿ ಓಡಿಸಿದವನು ನಾನು. ದೆವ್ವ ಭೂತ ಅಂದರೆ ನಗುತ್ತೇನೆ. ಆದರೆ ಈಗ ಹೇಳುವುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕಿಂತ ಹೆಚ್ಚಾಗಿ ಕೈಯಾರೆ ಮಾಡಿದ್ದೇನೆ. ಸುಳ್ಳು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಇದು ಸುಳ್ಳಾಗಿದ್ದರೆ ನಾನೇ ಎಲ್ಲರಿಗಿಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ತುಮಕೂರಿನ ಆಸ್ಪತ್ರೆಯಿಂದ ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಗೆ ಹೆಣ ಸಾಗಿಸುವ ಬಾಡಿಗೆ ಬಂತು. ಸತ್ತವನು ರುದ್ರೇಶ, ಇನ್ನೂ ನಲವತ್ತಾಗಿರಲಿಲ್ಲ. ಶವಾಗಾರದಲ್ಲೇ ಎರಡು ದಿನ ಕಳೆದಿತ್ತು. ಊರಿನಲ್ಲಿ ಗುಂಡಿ ತೆಗೆದು ಕಾಯುತ್ತಿದ್ದರು, ರಾತ್ರಿಯೇ ಮಣ್ಣು ಮಾಡಬೇಕಿತ್ತು.

ಅವರಲ್ಲಿ ಹೆಣವನ್ನು ಕೂರಿಸಿ ಹೂಳುವ ಪದ್ಧತಿ. ಕಾರಿನಲ್ಲೂ ಹಿಂದಿನ ಸೀಟಿನ ನಡುವೆ ಕೂರಿಸಿದರು. ಒಂದು ಪಕ್ಕ ಅವನ ಅಕ್ಕ ಹೊನ್ನಮ್ಮ, ಇನ್ನೊಂದು ಪಕ್ಕ ಹೆಂಡತಿ ಜಯಾ. ನನ್ನ ಪಕ್ಕದಲ್ಲಿ ಅವನ ಅಣ್ಣ ಶಿವಣ್ಣ.

ಜಯಾ ಬೇರೆ ಜಾತಿಯವಳು. ರುದ್ರೇಶ ಮೆಚ್ಚಿ ಕಟ್ಟಿಕೊಂಡಿದ್ದ. ಎಂಟು ವರ್ಷದಿಂದ ಆ ಮನೆಯವರು ಅವಳನ್ನು ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಕಾರು ಹತ್ತುವ ಮುಂಚೆ ಅವಳು ಹೊನ್ನಮ್ಮನ ಕಾಲು ಮುಟ್ಟಿದಳು.

“ಅಕ್ಕಾ, ನಾನು ಮನೆಗೆ ಬರಲ್ಲ. ಒಂದ್ ಹಿಡಿ ಮಣ್ಣು ಹಾಕಿ ವಾಪಸ್ ಬಂದ್ಬಿಡ್ತೀನಿ. ಅಷ್ಟೇ ಸಾಕು.”

ಹೊನ್ನಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

ಗುಬ್ಬಿ ದಾಟಿದೆವು. ಕಾರಿನೊಳಗೆ ಫಿನಾಯಿಲ್ ವಾಸನೆ, ವಿಭೂತಿಯ ವಾಸನೆ... ಅದರ ಅಡಿಯಲ್ಲಿ ಇನ್ನೊಂದು ವಾಸನೆ. ರಸ್ತೆ ಕೆಟ್ಟಿತ್ತು. ಹೆಣದ ತಲೆ ಜಯಾಳ ಹೆಗಲಿಗೆ ವಾಲಿತು. ಹೊನ್ನಮ್ಮನಿಗೆ ಅದನ್ನೂ ಸಹಿಸಲಾಗಲಿಲ್ಲ. “ಗಾಡಿ ನಿಲ್ಸಿ ಸಾಬ್ರೇ, ಸರಿಯಾಗಿ ಕಟ್ಬೇಕು” ಅಂದಳು. ಯಾರೂ ಇಲ್ಲದ ಒಂದು ಬಸ್ ಸ್ಟಾಪಿನ ಹತ್ತಿರ ನಿಲ್ಲಿಸಿ, ಎಂಜಿನ್ ಆಫ್ ಮಾಡಿದೆ.

ತಲೆಗೆ ಪಂಚೆ ಬಿಗಿದು ಕಟ್ಟಿದ್ದಾಯಿತು. ನಾನು ಕೀ ತಿರುಗಿಸಿದೆ.

ಟಕ್.

ಇನ್ನೊಮ್ಮೆ... ಟಕ್. ಅಷ್ಟೇ.

ಬ್ಯಾಟರಿ ಇಳಿದಿದೆ ಅಂದುಕೊಂಡೆ. ಆದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದರೆ ಬೆಳಕು ಒಂಚೂರೂ ಮಂಕಾಗಲಿಲ್ಲ. ಬಾನೆಟ್ ಎತ್ತಿ ಟರ್ಮಿನಲ್ ಉಜ್ಜಿದೆ, ಅರ್ತ್ ವೈರ್ ಬಿಗಿ ಮಾಡಿದೆ. ಸ್ಟಾರ್ಟರ್ ಮೋಟರಿಗೆ ಸ್ಪ್ಯಾನರಿನಿಂದ ನಾಲ್ಕು ಬಾರಿಸಿದೆ. ಮತ್ತೆ ಟಕ್. ಮುಂದೆ ಏರು ರಸ್ತೆ, ಶಿವಣ್ಣನೊಬ್ಬನೇ ತಳ್ಳುವ ಮಾತೇ ಅಲ್ಲ. ಬೆವರು ಇಳಿಯುತ್ತಿತ್ತು, ಸಿಟ್ಟೂ ಬಂದಿತ್ತು.

ಫಾಲ್ಟ್ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ವೈರುಗಳೆಲ್ಲ ಮುಗಿದಿದ್ದವು. ಇನ್ನು ಉಳಿದಿದ್ದು ಜನ. ಭಾರಕ್ಕೆ ಎಲ್ಲೋ ವೈರ್ ಎಳೆದುಕೊಂಡಿರಬಹುದು ಅನ್ನಿಸಿತು.

“ಒಬ್ಬೊಬ್ರಾಗಿ ಇಳೀರಿ, ನೋಡೋಣ” ಅಂದೆ. ಹಾಳು ಬಾಯಿ ನನ್ನದು.

ಶಿವಣ್ಣ ಇಳಿದ. ಟಕ್. ಹೊನ್ನಮ್ಮ ಇಳಿದಳು. ಟಕ್. ಕೊನೆಗೆ ಜಯಾ ಗಂಡನ ತಲೆಯನ್ನು ಮೆಲ್ಲಗೆ ಸೀಟಿಗೆ ಒರಗಿಸಿ ಕೆಳಗಿಳಿದಳು. ಕೀ ಮುಟ್ಟಿದ್ದೇ ತಡ, ಎಂಜಿನ್ ಗುಡುಗಿತು.

ಶಿವಣ್ಣ ಹೊನ್ನಮ್ಮನ ಮುಖ ನೋಡಿದ.

“ಆಫ್ ಮಾಡಿ. ಅವ್ಳನ್ನ ಇನ್ನೊಂದ್ಸಲ ಕೂರ್ಸಿ ನೋಡಿ” ಅಂದಳು ಹೊನ್ನಮ್ಮ.

ಆಗ ನಾನು ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಎಲ್ಲಿ ತಪ್ಪಿದೆ ಎಂದು ತಿಳಿಯುವ ಚಪಲ ನನಗೂ ಹತ್ತಿತ್ತು. ಅವಳು ಕೂತಳು... ಟಕ್. ಅವಳ ಜಾಗದಲ್ಲಿ ಅವಳ ಎರಡರಷ್ಟಿದ್ದ ಹೊನ್ನಮ್ಮನನ್ನು ಕೂರಿಸಿದೆ, ಸ್ಟಾರ್ಟ್ ಆಯಿತು. ಜಯಾಳನ್ನು ಮುಂದಿನ ಸೀಟಿಗೆ ಕರೆದೆ, ಟಕ್. ಗಂಡನ ಹೆಣದ ಎದುರಿಗೆ ಆ ಹೆಂಗಸನ್ನು ನಾಲ್ಕು ಸಲ ಹತ್ತಿಸಿ ಇಳಿಸಿದೆ. ನಾನು ಹೇಳಿದಂತೆಲ್ಲ ಅವಳು ಕೇಳಿದಳು. ನಾಲ್ಕನೆಯ ಸಲ ಕೈ ಮುಗಿದುಕೊಂಡೇ ಹತ್ತಿದಳು.

ಟಕ್.

“ನೋಡ್ದೇನೇ?” ಹೊನ್ನಮ್ಮನ ದನಿ ತಣ್ಣಗಿತ್ತು. “ನಾವಲ್ಲ ಕಣೇ, ನಿನ್ ಗಂಡನೇ ಬ್ಯಾಡ ಅಂತಾವ್ನೆ. ಇಳಿ.”

“ಬೆಳಿಗ್ಗೆ ಬಸ್ ಬರ್ತದೆ, ತುಮಕೂರಿಗೆ ಹೋಗು” ಅಂದ ಶಿವಣ್ಣ.

ಅವಳನ್ನು ಕತ್ತಲಲ್ಲಿ ಬಿಟ್ಟು ಹೊರಟೆವು. ಕನ್ನಡಿಯಲ್ಲಿ ಅವಳು ಕಾರಿನ ಹಿಂದೆ ಓಡಿಬರುತ್ತಿದ್ದದ್ದು ಸ್ವಲ್ಪ ದೂರ ಕಾಣಿಸಿತು. ನಾನು ಗೇರ್ ಬದಲಾಯಿಸಿದೆ.

ಊರಿನಲ್ಲಿ ಲಾಟೀನು ಹಿಡಿದು ಬೇಗ ಬೇಗ ಮುಗಿಸಿದರು. ಗುಂಡಿಗೆ ಮಣ್ಣು ಬೀಳುವ ಸದ್ದು ಕಾರಿನವರೆಗೂ ಕೇಳುತ್ತಿತ್ತು. ಅವರು ಕೊಟ್ಟ ಟೀ ಅಲ್ಲೇ ಇಟ್ಟು ಹೊರಟುಬಂದೆ.

ಅವಳು ಅದೇ ಬಸ್ ಸ್ಟಾಪಿನಲ್ಲಿ, ಕಲ್ಲಿನ ಮೇಲೆ ಕೂತಿದ್ದಳು. ಎಂಜಿನ್ ಆಫ್ ಮಾಡಿ ಇಳಿದೆ.

“ಮಣ್ಣಾಯ್ತಾ ಅಣ್ಣಾ?”

“ಆಯ್ತಮ್ಮ. ಈಗ್ಲಾದ್ರೂ ಬಾ, ಗುಂಡಿ ಹತ್ರ ಕರ್ಕೊಂಡ್ ಹೋಗ್ತೀನಿ.”

“ಬ್ಯಾಡಣ್ಣಾ. ಅವರೇ ಬ್ಯಾಡ ಅಂದ್ರಲ್ಲ... ಮನೆ ಹತ್ರ ಬುಡಿ, ಸಾಕು.”

ಹಿಂದಿನ ಸೀಟಿನಲ್ಲಿ ಕೂತಳು. ಫಿನಾಯಿಲ್ ವಾಸನೆ ಇನ್ನೂ ಹೋಗಿರಲಿಲ್ಲ. ಯಾ ಅಲ್ಲಾ, ಸ್ಟಾರ್ಟ್ ಆಗಲಿ ಎಂದು ಬೇಡಿದೆನೋ, ಆಗದಿರಲಿ ಎಂದು ಬೇಡಿದೆನೋ, ಈಗಲೂ ಗೊತ್ತಿಲ್ಲ. ಕೀ ಅರ್ಧ ತಿರುಗುವಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತು.

ಕನ್ನಡಿಯಲ್ಲಿ ಅವಳ ಮುಖ ನೋಡಲಾರದೆ ಹೋದೆ. ಗಂಡ ತನ್ನನ್ನು ತಳ್ಳಿದ ಎಂಬ ಮಾತು ಹೊತ್ತು ಅವಳು ಬದುಕಬಾರದು ಅನ್ನಿಸಿತು. ಅದಕ್ಕೇ ಒಂದು ಸುಳ್ಳು ಹೇಳಿದೆ.

“ನಿಮ್ಮೆಜಮಾನ್ರು ಏನೂ ಅಂದಿಲ್ಲಮ್ಮ. ಒಂದು ವೈರ್ ಲೂಸ್ ಇತ್ತು, ಅಷ್ಟೇ.”

ಗುಬ್ಬಿಯ ದೀಪಗಳು ಕಂಡವು.

“ಹಂಗಾದ್ರೆ... ಆಗ್ಲೇ ಹೇಳ್ಬೋದಿತ್ತಲ್ಲಣ್ಣಾ?”

ಮಾರನೇ ದಿನ ಹಿರೇಹಳ್ಳಿಯ ಎಲೆಕ್ಟ್ರಿಷಿಯನ್ ಒಬ್ಬ ಇಡೀ ಕಾರು ಬಿಚ್ಚಿ ನೋಡಿದ. ಒಂದು ವೈರೂ ಲೂಸ್ ಇರಲಿಲ್ಲ. ಅದನ್ನು ನಾನು ಯಾರ ಹತ್ತಿರ ಹೇಳಲಿ?