ಮದುಮಗನ ಚಾಕಿನ ಮೊನೆ

ನನ್ನ ತಮ್ಮನ ಮದುವೆಯ ದಿನ ಮದುಮಗನ ಚಾಕಿನ ಮೊನೆ ಮುರಿದವನು ನಾನು. ಮುರಿದದ್ದಷ್ಟೇ ಆಗಿದ್ದರೆ ಇಷ್ಟು ವರ್ಷದ ಮೇಲೆ ಬರೆಯುವ ಅಗತ್ಯವಿರಲಿಲ್ಲ. ಮುರಿದವನು ನಾನಲ್ಲ ಎಂದು ಎಲ್ಲರೆದುರು ಹೇಳಿದೆ — ಬರೆಯಬೇಕಾಗಿರುವುದು ಅದನ್ನು.

ಹಾಗೆ ಹೇಳಿದಾಗ ಅಲ್ಲಿ ಯಾರು ಯಾರಿದ್ದರು ಎಂಬುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ೧೯೯೬ರ ಬೇಸಿಗೆ, ಹೊಳಲ್ಕೆರೆಯ ನಮ್ಮ ಮನೆ. ಹೊಸ್ತಿಲಾಚೆ ತಮ್ಮ ಬಸವರಾಜ, ಅವನ ಪಕ್ಕದಲ್ಲಿ ಹಿರಿಯೂರು ಕಡೆಯಿಂದ ಬಂದ ಮದುಮಗಳು ಶಾರದ. ಹೊಸ್ತಿಲೀಚೆ ಆರತಿ ತಟ್ಟೆ ಹಿಡಿದ ಅವ್ವ, ಅವಳ ಹಿಂದೆ ದೊಡ್ಡಮ್ಮ, ಕಂಬಕ್ಕೊರಗಿ ನಿಂತ ಸೋದರಮಾವ ಸಿದ್ಧಲಿಂಗಪ್ಪ. ಬಾಗಿಲ ಪಕ್ಕ ನಾನು — ಮನೆಯ ಹಿರಿಮಗ, ಹೊಸ ಬಿಳಿ ಅಂಗಿಯಲ್ಲಿ.

ಚಾಕು ಮಾವನದು. ಚಿಕ್ಕಜಾಜೂರಿನಲ್ಲಿ ಹಳೇ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ ಅವನಿಗೆ ಚಾಕಿಲ್ಲದೆ ಹೊರಡುವುದೆಂದರೆ ಅಂಗಿಯಿಲ್ಲದೆ ಹೊರಟ ಹಾಗೆ. ಚೀಲದ ಹೊಲಿಗೆ ಬಿಚ್ಚಲು, ಹುರಿ ಕತ್ತರಿಸಲು, ಮಧ್ಯಾಹ್ನ ಸೌತೆಕಾಯಿ ಹೆಚ್ಚಲು ಎಲ್ಲಕ್ಕೂ ಅದೊಂದೇ. ಅದನ್ನು ಕೊಂಡದ್ದು ಚಿತ್ರದುರ್ಗದ ಪೇಟೆಯಲ್ಲಿ, ನಾನು ಆಗ ಸಂಬಳಕ್ಕಿದ್ದ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ. ಒಂದು ಡಬ್ಬಿ ಚಾಕು ಸುರಿಸಿಕೊಂಡು ಅರ್ಧ ದಿನ ಕುಳಿತಿದ್ದ ಮಾರಾಯ.

“ಹೊಳೆಯೋವನ್ನ ಆಕಡೆ ಇಡು. ಅವು ಅಂಗಡ್ಯಾಗೆ ಚಂದ, ಜೇಬಿನಾಗಲ್ಲ” ಎಂದ. ಒಂದೊಂದನ್ನೂ ಹೆಬ್ಬೆರಳಿನ ಉಗುರಿನಿಂದ ಬಿಡಿಸಿ ನೋಡಿದ. ಉಗುರು ಕೀಳುವಷ್ಟು ಬಿಗಿ ಇರಬಾರದು, ಜೇಬಿನಲ್ಲಿ ತಾನೇ ಬಿಚ್ಚಿಕೊಳ್ಳುವಷ್ಟು ಸಡಿಲವೂ ಇರಬಾರದು. ಅಲಗನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದ, ಮಡಚುವಾಗಿನ ಸದ್ದಿಗೆ ಕಿವಿಗೊಟ್ಟ. ಎಷ್ಟು ಉದ್ದ ಬೇಕು ಮಾಮ ಎಂದರೆ, “ಅಂಗೈ ಅಗಲಕ್ಕಿಂತ ದೊಡ್ಡದಿದ್ರೆ ಪೊಲೀಸರು ಕೇಳ್ತಾರೆ, ಸಣ್ಣದಿದ್ರೆ ಸೌತೆಕಾಯಿ ನಗ್ತೈತೆ” ಎಂದ. ಕೊನೆಗೆ ಆರಿಸಿದ್ದು ಮರದ ಹಿಡಿಯ, ಬೂದು ಬಣ್ಣದ ಅಲಗಿನ, ನಾವು ಯಾರೂ ಎರಡನೇ ಸಲ ನೋಡದಂಥ ಚಾಕು.

ನಮ್ಮ ಕಡೆ ಮದುಮಗನ ಕೈಯಲ್ಲಿ ಅರಿಶಿನದ ದಿನದಿಂದ ಮದುವೆ ಮುಗಿಯುವವರೆಗೆ ಚಾಕು ಇರಬೇಕು, ಅದರ ಮೊನೆಗೆ ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿ ತಾಕಬಾರದೆಂದು. ಬೇರೆಯವರಾದರೆ ಅಡಿಗೆಮನೆಯ ಯಾವುದೋ ಚಾಕು ಹಿಡಿಸುತ್ತಾರೆ. ಮಾವ ಮಾತ್ರ, “ನನ್ನ ಅಳಿಯನ ಕೈಗೆ ತುಕ್ಕು ಹಿಡಿದದ್ದು ಬ್ಯಾಡ” ಎಂದು ತನ್ನ ಜೇಬಿನದನ್ನೇ ತೆಗೆದುಕೊಟ್ಟ.

ಮುಹೂರ್ತಕ್ಕೆ ಮೊದಲು ಬಸವರಾಜ ಸ್ನಾನಕ್ಕೆ ಹೋಗುವಾಗ ಅದನ್ನು ನನ್ನ ಕೈಗಿತ್ತ. “ನೆಲಕ್ಕೆ ಇಡಬ್ಯಾಡಣ್ಣ” ಎಂದ. ನೆಲಕ್ಕೇನೋ ಇಡಲಿಲ್ಲ. ಹಿತ್ತಲಿನ ಅಡಿಗೆ ಚಪ್ಪರದಲ್ಲಿ ತುಪ್ಪದ ಡಬ್ಬಿಯ ಮುಚ್ಚಳ ಬರುತ್ತಿಲ್ಲವೆಂದು ಅಡಿಗೆಯವನು ಕೂಗಾಡುತ್ತಿದ್ದ. ನಾನು ಅತ್ತ ಹೋದೆ. “ಕಬ್ಬಿಣದಂಗಡಿ ಸಾವ್ಕಾರ್ರು ಬಂದ್ರು, ಜಾಗ ಬಿಡ್ರಿ” ಎಂದು ತರಕಾರಿ ಹೆಚ್ಚುತ್ತಿದ್ದ ಹೆಂಗಸೊಬ್ಬಳು ನಗೆಯಾಡಿದಳು. ಉಳಿದವರೂ ನಕ್ಕರು. ಸಂಬಳದ ಆಳಿಗೆ ಸಾವ್ಕಾರನೆಂದರೆ... ಉಬ್ಬಿದೆ. ನಿಂಬೆಹಣ್ಣು ಕಿತ್ತು ಜೇಬಿಗಿಟ್ಟೆ, ಮುಚ್ಚಳದ ಸಂದಿಗೆ ಮೊನೆ ತೂರಿಸಿ ಮೇಲಕ್ಕೆ ಮೀಟಿದೆ. ಟಕ್ ಎಂದಿತು. ಉಗುರಿನಷ್ಟು ಮೊನೆ ಒಲೆಯ ಬೂದಿಗೆ ಹಾರಿತು.

ಗಲಾಟೆಯಲ್ಲಿ ಮೊನೆ ಹಾರಿದ್ದನ್ನು ಯಾರೂ ನೋಡಲಿಲ್ಲ. ನೋಡಿದ್ದರೆ — ಎಷ್ಟು ಸಲ ಅಂದುಕೊಂಡಿದ್ದೇನೆ — ಅಲ್ಲೇ ಬೈಸಿಕೊಂಡು ಮುಗಿಯುತ್ತಿತ್ತು. ಗೋಡೆಯ ಮರೆಗೆ ಹೋಗಿ ನಿಂಬೆಹಣ್ಣನ್ನು ಮತ್ತೆ ಚುಚ್ಚಿದೆ. ಮೊಂಡು ತುದಿ ಸುಲಭಕ್ಕೆ ಇಳಿಯಲಿಲ್ಲ, ರಸ ಮೊಣಕೈವರೆಗೆ ಹರಿಯಿತು. ಒಳಗಿಳಿದ ಮೇಲೆ ನೋಡಿದರೆ ಮೊದಲಿದ್ದಂತೆಯೇ ಇತ್ತು. ಸ್ನಾನ ಮುಗಿಸಿ ಬಂದ ತಮ್ಮನ ಕೈಗೆ ಕೊಟ್ಟೆ. ಅದನ್ನು ಹಿಡಿದೇ ಅವನು ತಾಳಿ ಕಟ್ಟಲು ಕುಳಿತ.

ಮಧ್ಯಾಹ್ನ ಶಾರದಳನ್ನು ಮನೆ ತುಂಬಿಸಿಕೊಂಡೆವು. ಅವಳು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ತಳ್ಳಿ ಒಳಗೆ ಒಂದು ಹೆಜ್ಜೆ ಇಟ್ಟಿದ್ದಳಷ್ಟೆ. ಮಾವನಿಗೆ ತಡೆಯಲಾಗಲಿಲ್ಲ. “ಎರಡು ದಿನದಿಂದ ಜೇಬು ಖಾಲಿ ಹೊಡೀತೈತಪ್ಪ, ಇನ್ನ ಕೊಡು” ಎಂದು ತಮ್ಮನಿಂದ ಚಾಕು ಇಸಿದುಕೊಂಡು ನಿಂಬೆಹಣ್ಣು ಎಳೆದ.

ಅಲಗನ್ನು ಕಣ್ಣ ಹತ್ತಿರ ಹಿಡಿದು ನೋಡಿದ. “ಯಾವನ್ಲೇ ಇದರಾಗೆ ಡಬ್ಬಿ ಮೀಟಿದೋನು?”

ಬಸವರಾಜ ಏನೂ ಕಪಟವಿಲ್ಲದೆ ಹೇಳಿದ: “ಸ್ನಾನಕ್ಕೆ ಹೋದಾಗ ಅಣ್ಣನ ಕೈಯಾಗೆ ಕೊಟ್ಟಿದ್ದೆ ಮಾಮ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೇಳಿದೆ: “ನಾನು ವಾಪಸ್ ಕೊಟ್ಟಾಗ ಸರಿಯಾಗೇ ಇತ್ತು ಕಣಪ್ಪ.”

ಅಷ್ಟೇ ಮಾತು. ಅದರಿಂದ ನಾನು ಪಾರಾದೆ, ಆದರೆ ತಪ್ಪು ಎಲ್ಲಾದರೂ ಹೋಗಿ ಕೂರಬೇಕಲ್ಲ? ನನ್ನ ಕೈಯಲ್ಲಿ ಸರಿ ಇದ್ದದ್ದು ಮುರಿಯಬೇಕಾದರೆ ಮುಹೂರ್ತದ ಗಳಿಗೆಯಲ್ಲೇ, ತಾನಾಗಿಯೇ ಮುರಿದಿರಬೇಕು. ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟು, “ನಮ್ಮ ಮನ್ಯಾಗೆ ಇಂಥದು ಯಾವತ್ತೂ ಆಗಿರಲಿಲ್ಲವ್ವ... ಯಾರ ಕಾಲ್ಗುಣನೋ” ಎಂದಳು. ಶಾರದ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೇ ನಿಂತಿದ್ದಳು. ಅವಳಿಗೆ ಆಗ ಇಪ್ಪತ್ತು ವರ್ಷ. ನಾನು ನನ್ನ ಅಂಗಿಯ ಗುಂಡಿ ನೋಡುತ್ತಿದ್ದೆ.

ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವ್ವ ಕೆಟ್ಟವಳಲ್ಲ. ಆದರೆ ಗಬ್ಬದ ಎಮ್ಮೆ ಕಂದು ಹಾಕಿದರೆ, ಬೋರಿನ ಮೋಟರು ಸುಟ್ಟರೆ, “ಮೊನೆ ಮುರಿದ ಮದುವೆ” ಎಂದು ಯಾರಾದರೂ ಮೆಲ್ಲಗೆ ಅನ್ನುತ್ತಿದ್ದರು. ಶುಭಕಾರ್ಯದಲ್ಲಿ ಐದು ಜನ ಮುತ್ತೈದೆಯರನ್ನು ಕರೆಯುವಾಗ ಅವಳ ಹೆಸರು ಬರುತ್ತಿರಲಿಲ್ಲ. ಬರಬರುತ್ತ ಅವಳೇ, ಕರೆಯುವ ಹೊತ್ತಿಗೆ ಸರಿಯಾಗಿ ಒಂದು ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನನಗೆ ಕಾಣುತ್ತಿತ್ತು. ಎಲ್ಲರಿಗಿಂತ ಹೆಚ್ಚು ನನಗೇ ಕಾಣುತ್ತಿತ್ತು.

ಮಾವನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ. ನಾನು ಹೊಳಲ್ಕೆರೆಯಲ್ಲಿ ಸ್ವಂತ ಅಂಗಡಿ ಇಟ್ಟಾಗ ಮೊದಲ ಚಾಕುಗಳನ್ನು ಆರಿಸಿಕೊಡಲು ಅವನೇ ಬಂದ. ತನ್ನ ಚಾಕಿಗೆ ಸಾಣೆ ಹಿಡಿಸಿ ಹೊಸ ಮೊನೆ ಮಾಡಿಸಿಕೊಂಡಿದ್ದ, ಅಲಗು ಅರ್ಧ ಬೆರಳು ಗಿಡ್ಡವಾಗಿತ್ತು. “ತಗಳೋರಿಗೆ ಒಂದು ಮಾತು ಹೇಳು,” ಎಂದ, ನನ್ನನ್ನೇ ನೋಡುತ್ತ. “ಚಾಕು ಇರೋದು ಕೊಯ್ಯಾಕೆ, ಮೀಟಾಕಲ್ಲ ಅಂತ. ಹೇಳ್ತಿಯಲ್ಲ?”

“ಹೇಳ್ತೀನಿ ಮಾಮ.”

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಟೀ ತರಿಸು ಎಂದ. ಅಂದಿನಿಂದ ಚಾಕು ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಆ ಮಾತು ಹೇಳಿದ್ದೇನೆ. ಎಲ್ಲಿ ಹೇಳಬೇಕಿತ್ತೋ ಅಲ್ಲೊಂದು ಬಿಟ್ಟು. ನಾನು ನಿಜ ಹೇಳುವುದಕ್ಕೆ ಮುಂಚೆ ಮಾವ ತೀರಿಕೊಂಡ. ಅದಕ್ಕೆ ಈಗ ಏನೂ ಮಾಡುವಂತಿಲ್ಲ.

೨೦೦೮ರಲ್ಲಿ ತಂಗಿ ಗೌರಿಯ ಸೀಮಂತ ನಮ್ಮ ಮನೆಯಲ್ಲೇ ಆಯಿತು. ಹಿಂದಿನ ದಿನ ಸಂಜೆ ಎಲ್ಲರೂ ನಡುಮನೆಯಲ್ಲಿದ್ದೆವು. ಅವ್ವ ಬೆರಳು ಮಡಚುತ್ತ ಮಡಿಲು ತುಂಬುವವರ ಹೆಸರು ಹೇಳುತ್ತಿದ್ದಳು. ನಾಲ್ಕಾಯಿತು. ಐದನೆಯದಕ್ಕೆ ಪಕ್ಕದ ಓಣಿಯ ಯಾರನ್ನೋ ಕರೆಯೋಣವೆಂದಳು. ಶಾರದ ಅಲ್ಲೇ, ಮೂರು ಮಾರು ದೂರದಲ್ಲಿ ಹುರಳಿಕಾಯಿ ಬಿಡಿಸುತ್ತಿದ್ದಳು. ಅವಳು ಕತ್ತೆತ್ತಲೂ ಇಲ್ಲ. ಹೆಸರು ಬರುವುದಿಲ್ಲವೆಂದು ಅಷ್ಟು ಖಾತ್ರಿ ಇತ್ತು ಅವಳಿಗೆ — ಅದನ್ನು ನೋಡಿ ನನಗೆ...

“ಅವ್ವ, ಆ ಚಾಕು ಮುರಿದದ್ದು ನಾನು” ಎಂದೆ.

ಯಾವ ಚಾಕು ಎಂದು ಯಾರೂ ಕೇಳಲಿಲ್ಲ. ತುಪ್ಪದ ಡಬ್ಬಿ, ಒಲೆಯ ಬೂದಿ, ನಿಂಬೆಹಣ್ಣು — ಒಂದೂ ಬಿಡದೆ ಹೇಳಿದೆ. ಬಸವರಾಜ ಎದ್ದು ಹೊರಗೆ ಹೋದ. ದೊಡ್ಡಮ್ಮ, “ಹನ್ನೆರಡು ವರ್ಷ ಬಾಯಾಗೆ ಏನ್ ಇಟ್ಕಂಡಿದ್ಯೋ, ನಿನ್ನ ಬಾಯಿಗಿಷ್ಟು ಮಣ್ಣಾಕ” ಎಂದಳು. ಅವ್ವ ಮಡಚಿದ ಬೆರಳು ಹಾಗೇ ಹಿಡಿದುಕೊಂಡು ಕುಳಿತಿದ್ದಳು.

ಶಾರದ ಹುರಳಿಕಾಯಿಯಿಂದ ಕಣ್ಣೆತ್ತದೆ ಕೇಳಿದಳು: “ಡಬ್ಬಿ ತಗೀತಾ ಭಾವ?”

“ಇಲ್ಲಮ್ಮ. ಅಡಿಗೆಯವನು ಸೌಟಿನ ಹಿಡೀಲಿ ತೆಗೆದ.”

ಅವಳಿಗೆ ನಗು ಬಂತು. ನಿಜವಾಗಿಯೂ ನಕ್ಕಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಲುಕುವಂತೆ ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅದು ನಗುವಾಗಿ ಉಳಿದಿರಲಿಲ್ಲ. “ಮೊದ್ಲು ಎಡಗಾಲು ಇಟ್ನೋ ಬಲಗಾಲು ಇಟ್ನೋ ಅಂತ... ದಿನಾ ನೆನಸ್ಕಂತಿದ್ದೆ ಭಾವ. ಬಲಗಾಲೇ ಇಟ್ಟಿದ್ದೆ ಅನ್ಸೋದು. ಆದ್ರೂ ಗಟ್ಟಿಯಾಗಿ ಹೇಳಾಕೆ ಆಗ್ತಿರಲಿಲ್ಲ” ಎಂದಳು.

ಕೈಮುಗಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಹಕ್ಕು ನನ್ನದಲ್ಲ. ಆದರೆ ಸುಳ್ಳು ಯಾಕೆ ಹೇಳಲಿ — ಆವತ್ತು ಹಾಸಿಗೆಗೆ ಹೋದವನು ಎದ್ದದ್ದು ಬೆಳಗಿನ ಹಾಲಿನವನು ಕೂಗಿದಾಗಲೇ. ಮದುವೆಯ ದಿನದಿಂದ ಅಂಥ ನಿದ್ದೆ ಕಂಡಿರಲಿಲ್ಲ. ಇಷ್ಟು ಹಗುರಾಗುವುದಕ್ಕೆ ಎರಡೇ ಮಾತು ಸಾಕಿತ್ತಲ್ಲ ಎಂಬುದೇ ಈಗ ನಾಚಿಕೆ. ಬಸವರಾಜ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟ. ಬಿಡಬೇಕಾದದ್ದೇ. ನೆಂಟರಲ್ಲಿ ಇನ್ನೂ ಯಾರಾದರೂ “ಮೊನೆ ಮುರಿದ ಮದುವೆ” ಎನ್ನುವವರಿದ್ದರೆ ಅವರಿಗೂ ಗೊತ್ತಾಗಲೆಂದು ಇಷ್ಟನ್ನು ನನ್ನ ಕೈಯಾರೆ ಬರೆದಿದ್ದೇನೆ.

ಮರುದಿನ ಗೌರಿಯನ್ನು ಹಸೆಯ ಮೇಲೆ ಕೂರಿಸಿ ಆಗಿತ್ತು. ಹೆಂಗಸರೆಲ್ಲ ಸುತ್ತ ಸೇರಿದ್ದರು. ಅವ್ವ ಹಿತ್ತಲ ಬಾಗಿಲಿಗೆ ಹೋಗಿ, “ಶಾರದವ್ವ, ಮೊದ್ಲು ನೀನು ಬಾರವ್ವ” ಎಂದು ಕರೆದಳು. ಶಾರದ ಪಾತ್ರೆ ತೊಳೆಯುತ್ತಿದ್ದಳು. ಬಂದೆ ಅತ್ತೆ ಎಂದಳೇ ಹೊರತು ಎದ್ದು ಓಡಿ ಬರಲಿಲ್ಲ. ಉಳಿದಿದ್ದ ಎರಡು ಕೊಳಗ ತೊಳೆದು, ಬೋರಲು ಹಾಕಿ, ಕೈಕಾಲು ತೊಳೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದಳು. ಅಲ್ಲಿಯವರೆಗೆ ಎಲ್ಲರೂ ಕಾದರು. ದೊಡ್ಡಮ್ಮನೂ ಕಾದಳು. ಶಾರದ ಗೌರಿಗೆ ಕುಂಕುಮವಿಟ್ಟು, ಅವಳ ಮಡಿಲಿಗೆ ಮೊದಲ ಬೊಗಸೆ ಅಕ್ಕಿ ಹಾಕಿದಳು.