ಊರ ಉಸಾಬರಿ

ಅಂಗಿಗಳಿಗೆ ಕಾಜಾ ಹೊಲಿಯುವುದು ಅಕ್ಕನ ಕಸುಬು, ಬೀದಿಯ ಉಸಾಬರಿ ಅವಳ ಚಟ. ಬೆಳಕಿಗೆಂದು ಮಹಡಿಯ ಕಿಟಕಿಯಲ್ಲಿ ಕೂತರೆ ಕೈ ಬಟ್ಟೆಯ ಮೇಲೆ, ಕಣ್ಣು ಬೀದಿಯ ಮೇಲೆ. ಯಾರ ಮನೆಗೆ ಯಾರು ಬಂದರು, ಯಾರು ಮುಖ ಊದಿಸಿಕೊಂಡು ಹೋದರು, ಎಲ್ಲವೂ ಅವಳಿಗೆ ಅಂಗೈ ನೆಲ್ಲಿಕಾಯಿ. ಬೀದಿಯವರು ಬೆನ್ನ ಹಿಂದೆ ‘ಉಸಾಬರಿಯಕ್ಕ’ ಎನ್ನುತ್ತಿದ್ದರು. ಗಡಿಯಾರ ರಿಪೇರಿ ಮಾಡುವ ಗಂಡ ಮುಖದ ಮೇಲೆಯೇ ಅನ್ನುತ್ತಿದ್ದ. ಪಾಪ, ತನ್ನ ಮನೆಯ ಸೀನು ಕೂಡ ಹೊಸ್ತಿಲು ದಾಟಬಾರದು ಎನ್ನುವ ಮನುಷ್ಯ ಅವನು.

ಅಷ್ಟರಲ್ಲಿ ಕೆಮ್ಮು-ಜ್ವರದ ಆ ಸಾಂಕ್ರಾಮಿಕ ರೋಗ ಬಂತು. ಬೀದಿಗೊಬ್ಬರು ಸ್ವಯಂಸೇವಕರು ಬೇಕೆಂದು ವಾರ್ಡ್ ಆಫೀಸಿನವರು ಕೇಳಿದಾಗ ಎಲ್ಲರ ಬೆರಳೂ ಒಂದೇ ಕಿಟಕಿಯತ್ತ ತಿರುಗಿತು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಬಾಣಂತಿ ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ನಿನ್ನೆಯವರೆಗೆ ಚಾಡಿಯಾಗಿದ್ದದ್ದು ರಾತ್ರೋರಾತ್ರಿ ನಾಗರಿಕ ಕರ್ತವ್ಯವಾಯಿತು. ಕೊರಳಿಗೆ ಗುರುತಿನ ಕಾರ್ಡು ಬಿದ್ದ ಮೇಲಂತೂ ಅಕ್ಕನಿಗೆ ಕೋಡು ಮೂಡಿತು. ಎದುರುಮನೆ ಮೇಷ್ಟ್ರ ಕೆಮ್ಮನ್ನು ಇಡೀ ಬೀದಿಗೆ ಕೇಳುವಂತೆ ಸಾರಿದಳು. ಮೇಷ್ಟ್ರು ನಾಚಿ ನೀರಾದರು. ಆದರೆ ಸಂಜೆಯೊಳಗೆ ಅವರ ಬಾಗಿಲಿಗೆ ಔಷಧಿಯೂ ಬಂತು, ಊಟವೂ ಬಂತು.

ಒಂದು ಬೆಳಗ್ಗೆ ಗಂಡ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮಿದ.

“ಏನ್ರೀ ಅದು?”

“ಧೂಳು ಕಣೇ.”

ಹಣೆ ಮುಟ್ಟಿ ನೋಡಿದಳು. “ಧೂಳಿಗೆ ಮೈ ಹಿಂಗೆ ಸುಡುತ್ತಾ?”

“ನಿನ್ನ ದಮ್ಮಯ್ಯ, ಕೂಗ್ಬೇಡ. ಇವತ್ತಿನವರೆಗೂ ಯಾರ ಬಾಯಿಗೂ ಬೀಳದೆ ಬದುಕಿದೀನಿ.”

ಅವಳಿಗೆ ಸಂಕಟವಾಯಿತು. ಗಂಡ ತನ್ನಲ್ಲಿ ಏನನ್ನೂ ಬೇಡಿದವನಲ್ಲ. ಆದರೆ ನಿನ್ನೆ ಸಂಜೆಯಷ್ಟೇ ಬಾಣಂತಿಯ ಮನೆಗೆ ಹಾಲು ಕೊಟ್ಟು, ಬಾಗಿಲಲ್ಲೇ ನಿಂತು ಹರಟೆ ಹೊಡೆದು ಬಂದಿದ್ದಳು. ಆ ಹಸುಗೂಸು ನೆನಪಾಯಿತು. ಕಂಡವರ ಮನೆಯ ಕೆಮ್ಮು ಸಾರುವುದು ಎಷ್ಟು ಸಲೀಸಾಗಿತ್ತು! ಕಿಟಕಿಯ ಕದ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಕೂಗಿದಳು.

“ಕೇಳ್ರಪ್ಪಾ, ಈ ಸಲ ನಮ್ಮನೇನೇ! ನಮ್ಮವರಿಗೆ ಜ್ವರ. ಬಾಣಂತಿ ಮನೆಯವ್ರೇ, ನಿನ್ನೆ ನಿಮ್ಮ ಬಾಗಿಲಿಗೆ ಬಂದಿದ್ದೆ. ಮೊದ್ಲು ಪರೀಕ್ಷೆ ಮಾಡಿಸ್ಕೊಳ್ಳಿ. ತಪ್ಪಾಯ್ತು ನನ್ನಿಂದ.”

ಎದುರು ಕಿಟಕಿ ತೆರೆಯಿತು.

“ಹೆದರ್ಬೇಡಿ ಅಕ್ಕಾ,” ಎಂದರು ಮೇಷ್ಟ್ರು. “ಬಾಣಂತೀನ, ಮಗೂನ ಪರೀಕ್ಷೆಗೆ ನಾವು ಕರ್ಕೊಂಡು ಹೋಗ್ತೀವಿ. ಊಟ ನಮ್ಮನೆಯಿಂದ. ಯಜಮಾನ್ರಿಗೆ ಬೀಪಿ ಅಲ್ವಾ, ಉಪ್ಪು ಕಮ್ಮಿ ಹಾಕಿಸ್ತೀನಿ.”

ಒಳಗೆ ಗಂಡ ದಡಬಡಿಸಿ ಎದ್ದು ಕೂತ. “ನಂಗೆ ಬೀಪಿ ಇರೋದು ಅವರಿಗೆ ಯಾರೇ ಹೇಳಿದ್ದು?”

ಅಕ್ಕ ಬೆನ್ನು ತಿರುಗಿಸಿ ಕಿಟಕಿಯ ಸರಳು ಒರೆಸತೊಡಗಿದಳು. ಗಂಡನಿಗೆ ಕೆಮ್ಮು ಬಂತು, ಈ ಸಲ ದಿಂಬು ಹುಡುಕಲಿಲ್ಲ.

“ಹೇಳೋದು ಹೇಳಿದೀಯ,” ಎಂದ, “ಖಾರಾನೂ ಕಮ್ಮಿ ಇರ್ಲಿ ಅಂತ ಕೂಗು.”